ಸಮವರ್ತಿ ಎಮ್ಮೆ

ಒಂದೇ ಎಮ್ಮೆಯನ್ನು ಒಂದೇ ಬೆಳಗ್ಗೆ ಇಬ್ಬರು ಹಿಂಡಲು ಹೋದರೆ ಎರಡನೆಯವರಿಗೆ ಸಿಗುವುದು ಹಾಲಲ್ಲ, ಒದೆ. ದೇವಾಪುರದ ಕರೆಮ್ಮನ ಮನೆಯಲ್ಲಿ ಆ ಭಾನುವಾರ ಒದೆ ತಿಂದವಳು ಕಿರಿಯ ಸೊಸೆ ಮಲ್ಲಿಕಮ್ಮ. ಹಿರಿಯ ಸೊಸೆ ಹಣಮಮ್ಮ ಆಗಲೇ ಹಿಂಡಿಕೊಂಡು ಹೋಗಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಚರಿಗೆ ಹಿಡಿದು ಕೂತವಳು ಚರಿಗೆ ಸಮೇತ ಗೋದಲಿಯೊಳಗೆ ಬಿದ್ದಳು.

ಆ ಮನೆಯಲ್ಲಿ ಒಲೆ ಎರಡಾಗಿ ಮೂರು ವರ್ಷವಾಗಿತ್ತು. ಹಿರಿಯ ಮಗ ಅಮರಪ್ಪ ಸುರಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಾಸ್ತರ. ಕಿರಿಯವನಾದ ಮರಿಲಿಂಗಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಮಾತು ಆಡುತ್ತಿದ್ದದ್ದು ಅಪರೂಪ. ಕರೆಮ್ಮನಿಗೆ ಸ್ವಂತ ಒಲೆಯಿಲ್ಲ, ಒಂದು ವಾರ ಹಿರಿಯವನ ಕಡೆ, ಒಂದು ವಾರ ಕಿರಿಯವನ ಕಡೆ ಊಟ. ಒಲೆ ಎರಡು, ಸೊಸೆಯಂದಿರು ಇಬ್ಬರು, ಎಮ್ಮೆ ಮಾತ್ರ ಒಂದು. ಜಗಳಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಿಲ್ಲ.

ಅರ್ಧ ತಾಸು ಕೂಗಾಟ ಕೇಳಿದ ಮೇಲೆ ಕರೆಮ್ಮ ಒಂದು ಬೊಗಸೆ ಸುಣ್ಣದ ಪುಡಿ ತಂದಳು. ಪಡಸಾಲೆಯ ನಟ್ಟನಡುವೆ ಈ ಗೋಡೆಯಿಂದ ಆ ಗೋಡೆಯವರೆಗೆ ಗೆರೆ ಎಳೆದಳು.

"ದೀಪಾ ಹಚ್ಚೋದ್ರಾಗ ನಿಮ್ಮ ಜಗಳ ಬಗಿಹರಿಬೇಕು. ಇಲ್ಲಾಂದ್ರ ನಾಳೆ ಮುಂಜಾನಿ ಗೌಂಡಿನ್ನ ಕರಿಸಿ ಇದರ ಮ್ಯಾಲೆ ಗ್ವಾಡಿ ಎಬ್ಬಸ್ತೀನಿ," ಎಂದಳು.

ಗೆರೆ ಅಮರಪ್ಪ ಮಾಸ್ತರನ ಹೊರಸಿನ ಕೆಳಗೆ ಹಾದುಹೋಗಿತ್ತು. ಕಿಟಕಿಯ ಕೆಳಗಿನ ಆ ನುಲಿಯ ಹೊರಸು ಈ ಲೋಕದಲ್ಲಿ ಅವನದು ಎನ್ನಬಹುದಾದ ಒಂದೇ ವಸ್ತು. ಊರಿಗೆ ಕಾಲುವೆ ಬಂದು ಎಂಟು ವರ್ಷವಾಗಿತ್ತು. ಅಂದಿನಿಂದ ಆ ಕಿಟಕಿಯಲ್ಲಿ ಮಧ್ಯಾಹ್ನ ಹೊತ್ತು ನೀರಿನ ಮೇಲಿನ ತಂಪು ಗಾಳಿ ಬರುತ್ತಿತ್ತು. ಭಾನುವಾರ ಉಂಡು ಅದರ ಮೇಲೆ ಅಡ್ಡಾಗುವುದಕ್ಕೆಂದೇ ಅವನು ಉಳಿದ ಆರು ದಿನ ಸೈಕಲ್ ತುಳಿಯುತ್ತಿದ್ದ. ಗೋಡೆ ಎದ್ದರೆ ಕಿಟಕಿ ತಮ್ಮನ ಪಾಲಿಗೆ, ಕತ್ತಲೆ ಮೂಲೆ ಇವನ ಪಾಲಿಗೆ.

ಬೇರೆ ಯಾರಾದರೂ ಆಗಿದ್ದರೆ, ಒಂದು ದಿನ ನೀನು ಹಿಂಡು, ಇನ್ನೊಂದು ದಿನ ನೀನು ಹಿಂಡು ಎಂದು ಹೇಳಿ ಮುಗಿಸುತ್ತಿದ್ದರು. ಅಮರಪ್ಪ ಹದಿನೆಂಟು ವರ್ಷದಿಂದ ಹತ್ತನೇ ಇಯತ್ತೆಗೆ ಕೇಂದ್ರ ಮತ್ತು ರಾಜ್ಯಗಳ ಸಂಬಂಧ ಎಂಬ ಪಾಠ ಹೇಳುತ್ತಿದ್ದವನು. ಹದಿನೆಂಟು ವರ್ಷದಲ್ಲಿ ಒಬ್ಬರೂ ಅದನ್ನು ಎಚ್ಚರವಾಗಿದ್ದು ಕೇಳಿರಲಿಲ್ಲ. ಇವತ್ತು ಕಾಲ ಕೂಡಿ ಬಂದಿದೆ ಎಂದುಕೊಂಡು ಹಳೆಯ ಕ್ಯಾಲೆಂಡರು ಇಳಿಸಿ, ಅದರ ಬೆನ್ನಿಗೆ ಕೆಂಪು ಶಾಯಿಯಲ್ಲಿ ಮೂರು ಕಂಬ ಗೀಟು ಹಾಕಿದ.

"ನಮ್ಮ ದೇಶ ಇಷ್ಟು ದೊಡ್ಡದು, ಆದ್ರೂ ಯಾಕ ಒಡದಿಲ್ಲ?" ಎಂದು ಕೇಳಿದ.

"ಅಲ್ಲಿ ಒಂದೇ ಎಮ್ಮಿ ಇಲ್ಲ, ಅದಕ್ಕ," ಎಂದಳು ಹಣಮಮ್ಮ.

"ಅಲ್ಲ. ಯಾರ ಅಧಿಕಾರ ಯಾವುದು ಅಂತ ಮೊದಲೇ ಬರದಿಟ್ಟಾರ. ಇಡೀ ದೇಶದ ಕೆಲಸ ಕೇಂದ್ರ ಪಟ್ಟಿ. ಆಯಾ ರಾಜ್ಯದ್ದು ರಾಜ್ಯ ಪಟ್ಟಿ. ಇಬ್ಬರಿಗೂ ಸೇರಿದ್ದು ಸಮವರ್ತಿ ಪಟ್ಟಿ. ಇಲ್ಲಿ ಅವ್ವ ಕೇಂದ್ರ. ನಿಮ್ಮ ಎರಡು ಒಲಿ ಎರಡು ರಾಜ್ಯ."

ಇಷ್ಟರಲ್ಲಿ ಬಸವಂತ್ರಾಯ ಬಂದು ಕಟ್ಟೆ ಏರಿದ. ಶಹಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ನಿವೃತ್ತನಾದ ಮೇಲೆ ಅವನಿಗೆ ಕಡತಗಳಿಲ್ಲದೆ ಕೈ ತುರಿಸುತ್ತಿತ್ತು, ಹಾಗಾಗಿ ಓಣಿಯವರ ಸಂಸಾರಗಳನ್ನೇ ಕಡತ ಮಾಡಿಕೊಂಡಿದ್ದ. ಹಿತ್ತಲ ಗೋಡೆಯ ಮೇಲೆ ಬಳೆ ಮಾರುವ ಖಾಸಿಂಬೀಯ ಮುಖ ಮೂಡಿತು. ಆ ಗೋಡೆಯ ಆಚೆ ಒಂದು ಕಲ್ಲು ಇತ್ತು, ಅವಳು ನಿಂತು ನಿಂತು ಅದು ನುಣ್ಣಗಾಗಿತ್ತು.

ಪಟ್ಟಿ ಸರಸರ ತುಂಬಿತು. ಕಣಜದ ಕೀಲಿ, ಕಾವಲು ನಾಯಿ, ಮದುವೆ ಮುಂಜಿಗೆ ಕೊಡುವ ಉಡುಗೊರೆ ಕೇಂದ್ರಕ್ಕೆ ಹೋದವು. ಒಲೆ, ಕಾಯಿಪಲ್ಯ, ಆಯಾ ಹೊಲ ರಾಜ್ಯಕ್ಕೆ. ಹಿತ್ತಲ ಬೇವಿನ ಗಿಡ ಮತ್ತು ಎಮ್ಮೆ ಸಮವರ್ತಿಗೆ. ಅತಿಥಿಗಳ ಮಾತು ಬಂದಾಗ ಸ್ವಲ್ಪ ಬಿಸಿಯಾಯಿತು. ಹೋದ ತಿಂಗಳು ಮಲ್ಲಿಕಮ್ಮನ ತವರಿನವರಿಗೆ ಬರೀ ಚಹಾ ಕೊಟ್ಟು ಕಳಿಸಿದ್ದರೆಂಬ ನೋವು ಅವಳಿಗೆ ಇನ್ನೂ ಆರಿರಲಿಲ್ಲ.

"ಹೊರಗಿನವ್ರ ಸಂಗಡ ವ್ಯವಹಾರ ಪೂರಾ ಕೇಂದ್ರಕ್ಕ ಹಾಕ್ರಿ ಭಾವಾ," ಎಂದಳು ಮಲ್ಲಿಕಮ್ಮ. "ಅತ್ತಿ ಕೊಟ್ರ ಎಲ್ಲಾರಿಗೂ ಒಂದೇ ಥರ ಆಗ್ತದ."

"ಹಾಕ್ರಿ, ಹಾಕ್ರಿ. ನನಗೇನು ಭಯ?" ಎಂದಳು ಹಣಮಮ್ಮ.

ನೀರಿನ ಬಳಿ ಪಟ್ಟಿ ನಿಂತಿತು. ಹೊಲಗಾಲುವೆ ಮೊದಲು ಮರಿಲಿಂಗಪ್ಪನ ಹೊಲ ಹೊಕ್ಕು ಅಲ್ಲಿಂದ ಅಮರಪ್ಪನ ಹೊಲಕ್ಕೆ ಬರುತ್ತಿತ್ತು. ಎಂಟು ದಿನಕ್ಕೊಮ್ಮೆ ನೀರಿನ ಪಾಳಿ. ಅವತ್ತು ಮಧ್ಯಾಹ್ನವೇ ಪಾಳಿ ಇತ್ತು.

"ನೀರು ರಾಜ್ಯದ್ದಾದ್ರ ಮ್ಯಾಲಿನವ್ರು ಕುಡದು ಉಳದದ್ದು ನಮಗಾ?" ಎಂದಳು ಹಣಮಮ್ಮ.

"ಅದಕ್ಕೂ ದಾರಿ ಅದ," ಎಂದು ಅಮರಪ್ಪ ಹಿಗ್ಗಿದ. "ನೀರು ರಾಜ್ಯ ಪಟ್ಟೀನೇ. ಆದ್ರ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕ ಹರಿಯೋದು ಅಂತರರಾಜ್ಯ ನದಿ. ಅದರ ಉಸ್ತುವಾರಿ ಕೇಂದ್ರಕ್ಕ. ಪಾಳಿ ಹೊತ್ತಿನ್ಯಾಗ ಅವ್ವ ಹೊಲದಾಗ ಕುಂದರಬೇಕು."

"ಕುಂದರ್ತೀನಿ," ಎಂದಳು ಕರೆಮ್ಮ. ಅವಳಿಗೆ ಈ ಕೇಂದ್ರ ಎನ್ನುವುದು ಮೆಲ್ಲಗೆ ಹಿಡಿಸತೊಡಗಿತ್ತು.

"ಮಾಸ್ತರ್ ಸಾಬ್, ಏನರ ಬರಿಯೋದು ಮರತ್ರ?" ಎಂದು ಗೋಡೆಯ ಮೇಲಿನಿಂದ ಖಾಸಿಂಬೀ ಕೇಳಿದಳು.

"ಯಾವ ಪಟ್ಟಿಯಾಗೂ ಇಲ್ಲದ್ದು ಶೇಷಾಧಿಕಾರ. ಅದು ತಾನಾಗೇ ಕೇಂದ್ರಕ್ಕ ಹೋಗ್ತದ. ಆದ್ರ ನಾ ಮರಿಯೋ ಪೈಕಿ ಅಲ್ಲ, ಖಾಸಿಂಬೀ," ಎಂದ ಅಮರಪ್ಪ. ಮುರಿದ ಕುರ್ಚಿಯನ್ನೂ ಬಿಡದೆ ಬರೆದ.

ಕೊನೆಗೆ ಬಸವಂತ್ರಾಯ ಗಂಟಲು ಸರಿಮಾಡಿಕೊಂಡ. "ಎಲ್ಲಾ ಖರೆ. ನಾಳೆ ತಕರಾರು ಬಂದ್ರ ನ್ಯಾಯಾ ಹೇಳೋರು ಯಾರು?"

"ನಾನ," ಎಂದ ಅಮರಪ್ಪ.

"ಅಂದ್ರ ನೀವು ಯಾವ ರಾಜ್ಯದವ್ರೂ ಆಗಿರಬಾರದು. ಒಂದು ಒಲಿ ಅನ್ನಾ ಉಂಡು ಇನ್ನೊಂದು ಒಲಿಗಿ ನ್ಯಾಯಾ ಹೇಳಿದ್ರ ಯಾರು ನಂಬ್ತಾರ?"

ಮಾತು ಸರಿಯೆನಿಸಿತು. ಹೊಟ್ಟೆ ತುಂಬಿದ್ದಾಗ ಇಂಥ ಮಾತುಗಳು ಯಾರಿಗೂ ಸರಿಯೆನಿಸುತ್ತವೆ. "ಇವತ್ತಿಂದ ನಾ ಯಾವ ರಾಜ್ಯದವನೂ ಅಲ್ಲ," ಎಂದು ಅಮರಪ್ಪ ಎಲ್ಲರೆದುರು ಘೋಷಿಸಿದ. ಹೆಂಗಸರು ಮನಸ್ಸು ಬದಲಿಸಿಯಾರೆಂಬ ಅಂಜಿಕೆಯಿಂದ ಇನ್ನೊಂದು ಸಾಲು ಸೇರಿಸಿದ: ಕೇಂದ್ರ ಮತ್ತು ಎರಡೂ ರಾಜ್ಯ, ಮೂವರೂ ಒಪ್ಪದೆ ಒಂದಕ್ಷರವನ್ನೂ ತಿದ್ದುವಂತಿಲ್ಲ. ಮೂವರಿಂದಲೂ ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿಸಿ ಗೋಡೆಗೆ ಮೊಳೆ ಹೊಡೆದ.

ಮಧ್ಯಾಹ್ನವಾಯಿತು. ಒಂದು ಒಲೆಯಿಂದ ಪುಂಡಿಪಲ್ಯದ ವಾಸನೆ, ಇನ್ನೊಂದರಿಂದ ಬದನೆಕಾಯಿಯ ವಾಸನೆ. ಎರಡೂ ಪಡಸಾಲೆಯ ನಡುವೆ, ಸರಿಯಾಗಿ ಅವನ ಹೊರಸಿನ ಮೇಲೆ ಕೂಡುತ್ತಿದ್ದವು. ಅಮರಪ್ಪ ಹಣಮಮ್ಮನ ಬಾಗಿಲ ಕಡೆ ನೋಡಿದ. ಕಟ್ಟೆಯ ಮೇಲಿದ್ದ ಬಸವಂತ್ರಾಯ ಕೆಮ್ಮಿದ. ಅಮರಪ್ಪ ಮಲ್ಲಿಕಮ್ಮನ ಬಾಗಿಲ ಕಡೆ ನೋಡಿದ. ಮತ್ತೆ ಕೆಮ್ಮು.

"ಸಂಜಿತನಕ ತಡಕೊಳ್ರಿ. ಮೊದಲನೇ ದಿನಾನೇ ಹೆಸರು ಕೆಡಿಸಿಕೋಬ್ಯಾಡ್ರಿ," ಎಂದು ಹೇಳಿ ಬಸವಂತ್ರಾಯ ಉಣ್ಣಲು ತನ್ನ ಮನೆಗೆ ಹೋದ.

ಕರೆಮ್ಮ ಬಡಿಗೆ ಹಿಡಿದು ಮರಿಲಿಂಗಪ್ಪನೊಡನೆ ಹೊಲಕ್ಕೆ ನಡೆದಳು. ಹೊರಸಿನ ಮೇಲೆ ಅಡ್ಡಾದ ಅಮರಪ್ಪನಿಗೆ ಹಸಿದ ಹೊಟ್ಟೆಯಲ್ಲಿ ನಿದ್ದೆ ಹತ್ತಲಿಲ್ಲ. ಕಿಟಕಿಯ ಗಾಳಿ ತನ್ನಷ್ಟಕ್ಕೆ ಬೀಸುತ್ತಿತ್ತು.

ಮೂರರ ಸುಮಾರಿಗೆ ತಿಂಥಣಿಯಿಂದ ದ್ಯಾವಪ್ಪ ಬಂದ. ಹಣಮಮ್ಮನ ಕಾಕಾ, ಹೊಳೆಯಲ್ಲಿ ಬಲೆ ಬೀಸುವವನು. ತಲೆಯ ಮೇಲೆ ಹಸಿ ಸೊಪ್ಪು ಮುಚ್ಚಿದ ಬುಟ್ಟಿ, ಅದರ ತುಂಬ ಕೃಷ್ಣೆಯ ಮೀನು. ಬುಟ್ಟಿ ಇಳಿಸಿ ಬೆವರು ಒರೆಸಿಕೊಂಡ.

"ಹಣಮೀ, ಒಂದು ಚರಗಿ ನೀರು ತಾರವ್ವಾ. ನಾಲಿಗಿ ಒಣಗ್ಯಾದ."

ಹಣಮಮ್ಮ ಚರಿಗೆ ಎತ್ತಿಯೇಬಿಟ್ಟಿದ್ದಳು. ಎದುರು ಬಾಗಿಲಲ್ಲಿ ಮಲ್ಲಿಕಮ್ಮ ಬಂದು ನಿಂತಳು. "ಅಕ್ಕಾ, ಹೊರಗಿನವ್ರು ಕೇಂದ್ರಕ್ಕ ಸೇರ್ಯಾರ. ನಮ್ಮ ತವರಿನವ್ರು ಬಂದಾಗ ಮುಂದ ನಾನೂ ಹಿಂಗ ನಿಂದರಬೇಕಲ್ಲ?"

ಹಣಮಮ್ಮ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಮೇಲಿನ ಪಟ್ಟಿ ನೋಡಿದ. ಮೊದಲನೇ ದಿನವೇ ಕಾನೂನು ಮುರಿದರೆ ಗೋಡೆ ಏಳುತ್ತದೆ, ಹೊರಸು ಹೋಗುತ್ತದೆ.

"ಮಾವ, ಸ್ವಲ್ಪ ಕುಂದರ್ರಿ. ಕೇಂದ್ರ ಹೊಲದಾಗ ಅದ," ಎಂದ.

"ಏನು ಹೊಲದಾಗ ಅದ?"

"ಕೇಂದ್ರ, ಮಾವ. ನೀವು ವಿದೇಶಾಂಗ ವ್ಯವಹಾರ. ಮೀನೂ ಹೊರಗಿಂದ ಬಂದ ಮಾಲು."

ದ್ಯಾವಪ್ಪ ಅಣ್ಣನ ಮಗಳ ಕಡೆ ತಿರುಗಿದ. "ಅಳಿಯಗ ಹಿಂಗ ಆಗಿ ಎಷ್ಟು ದಿನಾ ಆತವ್ವಾ?"

ಅಷ್ಟರಲ್ಲಿ ಗೋಡೆಯ ಮೇಲಿನಿಂದ ತುಂಬಿದ ಚೊಂಬೊಂದು ಇಳಿಯಿತು. "ತಗೋರಿ ದ್ಯಾವಪ್ಪಣ್ಣ. ನಾ ಗ್ವಾಡಿ ಆಚೀಗಿನಾಕಿ, ನನಗ ಈ ಕಾನೂನು ಲಾಗೂ ಇಲ್ಲ," ಎಂದಳು ಖಾಸಿಂಬೀ.

ನೆರೆಮನೆಯ ನೀರು ಕುಡಿದ ಮೇಲೆ ದ್ಯಾವಪ್ಪನ ಗಂಟಲು ತೆರೆಯಿತು. ನೀರಿಗಿಂತ ಅವಮಾನವೇ ಹೆಚ್ಚು ಕುಡಿದಂತಿತ್ತು. "ಹಣಮೀ, ಸೀರಿ ಗಂಟು ಕಟ್ಟು! ಕಾಲುವಿ ನೀರು ಊರು ತುಂಬ ಹರದ್ರೂ ಒಂದು ಚರಗಿ ಕೊಡದ ಮನ್ಯಾಗ ನೀ ಯಾಕಿರ್ತಿ? ಐದರ ಬಸ್ಸಿಗಿ ತಿಂಥಣಿಗಿ ಹೋಗೂಣು."

"ಮಾವ, ರಾಜ್ಯಕ್ಕ ಒಕ್ಕೂಟ ಬಿಟ್ಟು ಹೋಗೋ ಹಕ್ಕು ಇಲ್ಲ," ಎಂದು ಅಮರಪ್ಪ ಬಾಯಿ ತಪ್ಪಿ ಅಂದುಬಿಟ್ಟ. ದ್ಯಾವಪ್ಪ ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಬಿಗಿದ. ಅಮರಪ್ಪ ಚಪ್ಪಲಿಯನ್ನೂ ಮೆಟ್ಟದೆ ಹೊಲದ ಕಡೆ ಓಡಿದ. ಒಳಗೆ ಹಣಮಮ್ಮ ಪೆಟ್ಟಿಗೆ ತೆರೆದ ಸಪ್ಪಳ ಅವನಿಗೆ ಓಣಿಯ ತುದಿಯವರೆಗೂ ಕೇಳಿಸಿತು.

ಹೊಲದ ಬದುವಿನ ಮೇಲೆ ಕರೆಮ್ಮ ಕೂತಿದ್ದಳು. ಎದುರಿಗೆ ಬಡಿಗೆ ನೆಟ್ಟಿದ್ದಳು, ಅದರಾಚೆ ಒಂದು ಕಲ್ಲು ಇಟ್ಟಿದ್ದಳು. ಬಡಿಗೆಯ ನೆರಳು ಕಲ್ಲಿಗೆ ಮುಟ್ಟಿದಾಗ ಕಿರಿಯವನ ಪಾಳಿ ಮುಗಿದು ಹಿರಿಯವನ ಹೊಲಕ್ಕೆ ನೀರು. ಗಡಿಯಾರ ಇದ್ದರೂ ಪಾಳಿಯ ವಿಷಯದಲ್ಲಿ ಅವಳು ಬಡಿಗೆಯನ್ನೇ ನಂಬುತ್ತಿದ್ದಳು, ಬಡಿಗೆಗೆ ಯಾರೂ ಕೀಲಿ ಕೊಡುವಂತಿಲ್ಲ.

"ಅವ್ವಾ, ಮನಿಗಿ ನಡಿ! ದ್ಯಾವಪ್ಪ ಮಾವ ಬಂದಾನ. ಹಣಮಿ ಹೊಂಟಾಳ!"

"ನೆರಳು ಕಲ್ಲಿಗಿ ಮುಟ್ಟಲಿ," ಎಂದಳು ಕರೆಮ್ಮ. "ಅಂತರರಾಜ್ಯ ನದಿ ಬಿಟ್ಟು ಕೇಂದ್ರ ಹೆಂಗ ಬರ್ತದ? ನೀನ ಬರದೀದಿ."

ನೆರಳು ಕಲ್ಲಿನಿಂದ ಇನ್ನೂ ಒಂದು ಗೇಣು ದೂರ ಇತ್ತು. ಅಮರಪ್ಪ ಆಕಾಶ ನೋಡುವವನಂತೆ ನಿಂತು, ಕಾಲಿನ ಹೆಬ್ಬೆರಳಿನಿಂದ ಕಲ್ಲನ್ನು ಮೆಲ್ಲಗೆ ನೆರಳಿನ ಕಡೆ ನೂಕಿದ.

"ನ್ಯಾಯಾ ಹೇಳೋನು ಕಲ್ಲು ಸರಸ್ತಾನೇನು?" ಎಂದಳು ಕರೆಮ್ಮ, ತಿರುಗಿ ನೋಡದೆಯೇ.

ಅವನು ಬೆಚ್ಚಿ ಕಾಲು ಹಿಂದೆಗೆದ. ಹಿಂದೆ ಇದ್ದದ್ದು ಹೊಲಗಾಲುವೆ. ಎರಡು ರಾಜ್ಯಗಳ ಗಡಿಯಲ್ಲಿ ಅವನು ಸೊಂಟದವರೆಗೆ ಕೆಸರಿನಲ್ಲಿ ಕೂತ. ಮರಿಲಿಂಗಪ್ಪ ಸಲಿಕೆ ಕೆಳಗಿಟ್ಟು ಬಂದು, ಒಂದೂ ಮಾತಿಲ್ಲದೆ ಅಣ್ಣನನ್ನು ಎಳೆದು ದಡಕ್ಕೆ ಹಾಕಿ, ಮತ್ತೆ ಸಲಿಕೆ ಎತ್ತಿಕೊಂಡ.

ನೆರಳು ಕಲ್ಲಿಗೆ ಮುಟ್ಟಿತು. ಮರಿಲಿಂಗಪ್ಪ ಒಡ್ಡು ಕಡಿದು ಅಣ್ಣನ ಹೊಲಕ್ಕೆ ನೀರು ತಿರುಗಿಸಿದ. ಆಗ ಕೇಂದ್ರ ಸೊಂಟ ಹಿಡಿದುಕೊಂಡು ಎದ್ದಿತು.

ಮನೆಗೆ ಬಂದಾಗ ಹಣಮಮ್ಮ ಗಂಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. ಬೆಕ್ಕೊಂದು ಬುಟ್ಟಿಯ ಸುತ್ತ ಮೂರನೆಯ ಸುತ್ತು ಹಾಕುತ್ತಿತ್ತು. ಮೀನಿನ ಸುದ್ದಿ ಮುಟ್ಟಿದ್ದರಿಂದ ಬಸವಂತ್ರಾಯನೂ ಕಟ್ಟೆಗೆ ಮರಳಿದ್ದ. ಕರೆಮ್ಮ ಒಳಗೆ ಹೋಗಿ ತನ್ನ ಕೈಯಾರೆ ಬೆಲ್ಲ, ನೀರು ತಂದು ದ್ಯಾವಪ್ಪನ ಮುಂದಿಟ್ಟಳು.

"ತಮ್ಮಾ, ಸಿಟ್ಟು ಮಾಡಬ್ಯಾಡ. ಉಂಡು ಹೋಗಬೇಕು ನೀ. ಹಣಮೀ, ಗಂಟು ಒಳಗಿಡು. ಮೀನು ಎರಡು ಪಾಲು ಮಾಡ್ರಿ, ಒಂದೊಂದು ಒಲಿಗಿ ಒಂದೊಂದು."

ಐದರ ಬಸ್ಸು ದೂರದಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ದ್ಯಾವಪ್ಪ ಟವೆಲನ್ನು ಸೊಂಟದಿಂದ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

ಮನೆಯಲ್ಲಿ ಈಳಿಗೆ ಒಂದೇ ಇತ್ತು. ಹಾಗಾಗಿ ಸೊಸೆಯಂದಿರು ಹಿತ್ತಲಲ್ಲಿ ಎದುರು ಬದುರು ಕೂತು ಮೀನು ಹೆಚ್ಚಬೇಕಾಯಿತು. ಎರಡು ಮೀನು ಮುಗಿದವು. ಆಮೇಲೆ ಮಲ್ಲಿಕಮ್ಮ, "ಭಾವನ ಧೋತರ ನೋಡಿದೇನಕ್ಕಾ? ಕೆಸರಾಗಿನ ಎಮ್ಮಿ ಎದ್ದು ಬಂದಂಗ ಬಂದ್ರು," ಎಂದಳು. ಹಣಮಮ್ಮನಿಗೆ ನಗು ತಡೆಯಲಾಗಲಿಲ್ಲ. ಮೂರು ವರ್ಷದಲ್ಲಿ ಅವರಿಬ್ಬರೂ ಕೂಡಿ ನಕ್ಕದ್ದು ಅದೇ ಮೊದಲು. ನಗು ಪಡಸಾಲೆಗೂ ಕೇಳಿಸಿತು.

ಕರೆಮ್ಮ ಬಂದು ಸುಣ್ಣದ ಗೆರೆಯನ್ನು ಕಾಲಿನಿಂದ ಉಜ್ಜಿದಳು. "ಗ್ವಾಡಿ ಬ್ಯಾಡ," ಎಂದಳು.

ಅಮರಪ್ಪನಿಗೆ ಕಣ್ಣು ತುಂಬಿ ಬಂತು. ಹದಿನೆಂಟು ವರ್ಷ ಹೇಳಿದ ಪಾಠ ಒಂದು ದಿನದಲ್ಲಿ ಫಲ ಕೊಟ್ಟಿತ್ತು. ಕೈಕಾಲು ತೊಳೆದು, ಬೇರೆ ಧೋತರ ಉಟ್ಟು, ಕಿಟಕಿಯ ಕೆಳಗೆ ಹೊರಸಿನ ಮೇಲೆ ಒರಗಿದ. ಊಟಕ್ಕೆ ಕರೆಯುವ ದನಿಗಾಗಿ ಕಿವಿ ತೆರೆದು ಕಾಯತೊಡಗಿದ.

ದೀಪ ಹಚ್ಚಿದರು. ಎರಡೂ ಒಲೆಗಳ ಮೀನಿನ ಸಾರು ಪಡಸಾಲೆಗೆ ಬಂತು. ದ್ಯಾವಪ್ಪನಿಗೆ ಬಡಿಸಿದರು, ಕರೆಮ್ಮನಿಗೆ ಬಡಿಸಿದರು, ಹೊಲದಿಂದ ಬಂದ ಮರಿಲಿಂಗಪ್ಪನಿಗೆ ಬಡಿಸಿದರು. ಸಲಹೆಗಾರನೆಂದು ಬಸವಂತ್ರಾಯನಿಗೂ ಬಡಿಸಿದರು. ಒಂದು ಬಟ್ಟಲು ಗೋಡೆಯಾಚೆ ಖಾಸಿಂಬೀಗೆ ಹೋಯಿತು. ಅಮರಪ್ಪ ಕೆಮ್ಮಿದ. ಯಾರೂ ತಲೆ ಎತ್ತಲಿಲ್ಲ. ಎದ್ದು ಬಂದು ಪಂಕ್ತಿಯ ಕೊನೆಗೆ ಕೂತ. ತಾಟು ಬರಲಿಲ್ಲ.

"ಏ, ನನಗ?" ಎಂದ ಕೊನೆಗೆ.

"ನೀವು ನಮ್ಮ ರಾಜ್ಯದವ್ರಲ್ಲ," ಎಂದಳು ಹಣಮಮ್ಮ. ಕಾಕಾನಿಗೆ ನೀರು ಕೊಡಲಾಗದ ಸಂಕಟ ಅವಳ ದನಿಯಲ್ಲಿ ಇನ್ನೂ ಇತ್ತು. "ಮುಂಜಾನಿ ನೀವ ಅಂದೀರಿ. ನಾ ಬಡಿಸಿದ್ರ ಕಾನೂನು ಮುರದಂಗ."

"ನಮ್ಮ ರಾಜ್ಯದವ್ರೂ ಅಲ್ರಿ, ಭಾವಾ," ಎಂದಳು ಮಲ್ಲಿಕಮ್ಮ ಮರ್ಯಾದೆಯಿಂದ.

ಅಮರಪ್ಪ ದೀಪ ಹಿಡಿದು ಗೋಡೆಯ ಬಳಿ ಹೋದ. ಮೇಲಿನಿಂದ ಕೆಳಗೆ ಓದಿದ. ಕಣಜದ ಕೀಲಿ ಇತ್ತು. ನಾಯಿ ಇತ್ತು. ಬೇವಿನ ಗಿಡ, ಎಮ್ಮೆ, ಮುರಿದ ಕುರ್ಚಿ, ಎಲ್ಲ ಇದ್ದವು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಓದಿದ. ಮೂರು ಪಟ್ಟಿಗಳಲ್ಲಿ ಎಲ್ಲಿಯೂ ಅಮರಪ್ಪ ಇರಲಿಲ್ಲ.

ಬಸವಂತ್ರಾಯ ಮೀನಿನ ಮುಳ್ಳೊಂದನ್ನು ತಾಟಿನ ಅಂಚಿಗೆ ಇಟ್ಟ. "ಪಟ್ಟಿಯಾಗ ಇಲ್ಲದ್ದಕ್ಕ ಮುಂಜಾನಿ ಏನೋ ಅಂದಿದ್ರಿ, ಮಾಸ್ತರ?"

"ಶೇಷಾಧಿಕಾರ," ಎಂದ ಅಮರಪ್ಪ.

"ಅದು ಯಾರಿಗಿ ಹೋಗ್ತದ?"

"ಕೇಂದ್ರಕ್ಕ."

ಕರೆಮ್ಮ ಕೈ ತೊಳೆದು ಬಂದು ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸಂತೆಯಲ್ಲಿ ಕೇಳದೆಯೇ ಕೊಸರಾಗಿ ಬಂದ ವಸ್ತುವನ್ನು ಎಲ್ಲಿಡಬೇಕೆಂದು ಯೋಚಿಸುವಂತಿತ್ತು ಆ ನೋಟ.

"ಎಮ್ಮಿ ಇಬ್ಬರದೂ ಅಂತ ಬರದೀದಿ. ಆ ಪಟ್ಟಿಯಾಗಿನ ವಿಷಯಕ್ಕ ತಕರಾರು ಬಂದ್ರ ಯಾರ ಮಾತು ನಡೀತದ?"

"ಕೇಂದ್ರದ್ದ ನಡೀತದ, ಅವ್ವಾ."

"ಹಂಗಾದ್ರ ಕೇಳು. ನಾಳಿಂದ ಎಮ್ಮಿ ಇವ್ರಿಬ್ಬರೂ ಹಿಂಡಂಗಿಲ್ಲ. ನೀ ಹಿಂಡಿ ಎರಡು ಒಲಿಗಿ ಸಮಾ ಹಂಚಬೇಕು. ಹೊರಸು ಎಮ್ಮಿ ಹಂತ್ಯಾಕ ಒಯ್ಯಿ. ಇಲ್ಲೇ ಮಲಗಿದ್ರ ಕಣ್ಣು ತಪ್ಪಿಸಿ ಮತ್ತ ಯಾರರ ಹಿಂಡ್ಯಾರು."

"ತಿದ್ದುಪಡಿ!" ಎಂದು ಅಮರಪ್ಪ ಕೂಗಿದ. "ತಿದ್ದುಪಡಿ ಮಾಡೂಣು! ನನ್ನ ಹೆಸರು ರಾಜ್ಯ ಪಟ್ಟಿಗಿ ಸೇರಿಸೂಣು!"

"ಮೂವರೂ ಒಪ್ಪಬೇಕಂತ ಬರದೀರಿ," ಎಂದ ಬಸವಂತ್ರಾಯ. "ಒಪ್ಪೋರು ಕೈ ಎತ್ರಿ."

ಹಣಮಮ್ಮ ಮಲ್ಲಿಕಮ್ಮನ ಮುಖ ನೋಡಿದಳು. ಮಲ್ಲಿಕಮ್ಮ ಹಣಮಮ್ಮನ ಮುಖ ನೋಡಿದಳು. ನಾಳೆಯಿಂದ ನಸುಕಿನಲ್ಲಿ ಏಳಬೇಕಾಗಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಎರಡೂ ರಾಜ್ಯಗಳ ಕೈಗಳು ಸೆರಗಿನೊಳಗೆ ಭದ್ರವಾಗಿ ಕೂತವು. ಕೇಂದ್ರ ಎಲೆಯಡಿಕೆ ಚೀಲ ಬಿಚ್ಚುತ್ತಿತ್ತು.

ಮರಿಲಿಂಗಪ್ಪ ಎದ್ದು ಹೊರಸನ್ನು ತಲೆಯ ಮೇಲೆ ಹೊತ್ತ. ಕೊಟ್ಟಿಗೆಯಲ್ಲಿ ಇಳಿಸಿ, ಆ ದಿನದ ಮೊದಲ ಮಾತು ಆಡಿದ. "ಅಣ್ಣಾ, ತಲಿ ಯಾವ ಕಡಿ ಮಾಡ್ಲಿ? ಎಮ್ಮಿ ಕಡ್ಯಾ, ಸಗಣಿ ಕಡ್ಯಾ?"

ಕೇಂದ್ರಕ್ಕೆ ಸ್ವಂತ ಒಲೆ ಇರಲಿಲ್ಲವಾದ್ದರಿಂದ ಕರೆಮ್ಮ ತನ್ನ ಗೂಡಿನಲ್ಲಿದ್ದ ಒಂದು ಒಣ ರೊಟ್ಟಿ, ಒಂದು ಉಳ್ಳಾಗಡ್ಡಿ ಕಳಿಸಿದ್ದಳು. ಅದನ್ನು ಹಿಡಿದು ಅಮರಪ್ಪ ಹೊರಸಿನ ಅಂಚಿಗೆ ಕೂತು ಎಮ್ಮೆಯ ಕಡೆ ನೋಡಿದ. ಅದು ಸಮವರ್ತಿ ಪಟ್ಟಿಯಲ್ಲಿತ್ತು. ಅದಕ್ಕೆ ಎರಡೂ ರಾಜ್ಯಗಳಿಂದ ಮೇವು ಬಂದಿತ್ತು.